ಕೆಲಸ ಬಿಟ್ಟರೆ ಒಂದು ವರ್ಷ ಮನೆಯಲ್ಲೇ ಕೂರಬೇಕಾ?

ಓದುಗರ ಪ್ರಶ್ನೆ:

ನಾನು ಶಿರಸಿ ತಾಲೂಕಿನ ಹುಲೇಕಲ್ ಕಡೆಯವಳು. ವಯಸ್ಸು 27. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಜಾವಾ ಡೆವಲಪರ್. ಎರಡು ವರ್ಷದಿಂದ ಮನೆಯಿಂದಲೇ ಕೆಲಸ. ನಮ್ಮ ತಂಡ ಅಮೆರಿಕದ ಒಂದು ಇನ್ಶೂರೆನ್ಸ್ ಕಂಪನಿಗೆ ಕೆಲಸ ಮಾಡಿಕೊಡುತ್ತದೆ. ಈಗ ಬೇರೆ ಕಂಪನಿಯಿಂದ ಒಳ್ಳೆಯ ಆಫರ್ ಬಂದಿದೆ. ಅವರೂ ಇದೇ ಥರದ ಕೆಲಸ ಮಾಡುವವರು. 45 ದಿನದಲ್ಲಿ ಸೇರಬೇಕು ಅನ್ನುತ್ತಿದ್ದಾರೆ. ನನ್ನ ನೇಮಕಾತಿ ಪತ್ರದಲ್ಲಿ, ಕೆಲಸ ಬಿಟ್ಟ ಮೇಲೆ 12 ತಿಂಗಳು ಪೈಪೋಟಿ ಕಂಪನಿಗೂ ಸೇರುವಂತಿಲ್ಲ, ನಮ್ಮ ಗ್ರಾಹಕ ಕಂಪನಿಗೂ ಸೇರುವಂತಿಲ್ಲ ಎಂದು ಬರೆದಿದೆ. ನೋಟಿಸ್ ಅವಧಿ 90 ದಿನ. ಹೋದ ವರ್ಷ ಕ್ಲೌಡ್ ತರಬೇತಿ ಕೊಡಿಸುವಾಗ 18 ತಿಂಗಳ ಬಾಂಡ್ ಬರೆಸಿಕೊಂಡರು. ನಡುವೆ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು. ಅದರಲ್ಲಿ ಇನ್ನೂ 5 ತಿಂಗಳು ಬಾಕಿ ಇದೆ. ಬಾಂಡಿಗೆ ಅಪ್ಪ ಜಾಮೀನು ಸಹಿ ಹಾಕಿದ್ದಾರೆ. ತೋಟದ ಪಹಣಿಯ ಝೆರಾಕ್ಸ್ ಮತ್ತು ನನ್ನ ಸಹಿ ಇರುವ ಒಂದು ಖಾಲಿ ಚೆಕ್ ಕಂಪನಿಯ ಹತ್ತಿರ ಇವೆ. ಎಚ್‌ಆರ್ ಹತ್ತಿರ ಸುಮ್ನೆ ವಿಚಾರಿಸಿದ್ದಕ್ಕೆ, "ಅಲ್ಲಿಗೆ ಸೇರಿದರೆ ಲೀಗಲ್ ನೋಟಿಸ್ ಬರತ್ತೆ, ರಿಲೀವಿಂಗ್ ಲೆಟರ್ ಸಿಗಲ್ಲ, ನಿಮ್ಮ ತಂದೆಯವರೂ ಕೋರ್ಟಿಗೆ ಬರಬೇಕಾಗತ್ತೆ" ಅಂದರು. ಸ್ಪೀಕರ್ ಆನ್ ಇತ್ತು, ಅಪ್ಪ ಕೇಳಿಸಿಕೊಂಡರು. ಅವತ್ತಿನಿಂದ ತೋಟ ಜಪ್ತಿ ಆಗುತ್ತದೆ ಎಂಬ ಚಿಂತೆಯಲ್ಲಿದ್ದಾರೆ. ನಾನು ನಿಜವಾಗಿ ಒಂದು ವರ್ಷ ಮನೆಯಲ್ಲಿ ಕೂರಬೇಕಾ? ಪೊಲೀಸ್ ಕೇಸ್ ಆಗುತ್ತದಾ? ಎಲ್ಲಿಗೆ ಹೋಗುತ್ತೇನೆ ಎಂಬುದನ್ನು ಮುಚ್ಚಿಡಬೇಕಾ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಸಿಕ್ಕುಬಿದ್ದಿವೆ. ವರ್ಷವಿಡೀ ಕೆಲಸವಿಲ್ಲದೆ ಕೂರಬೇಕಾ ಅನ್ನುವುದು ಒಂದು. ಕೈಯಿಂದ ದುಡ್ಡು ಹೋಗುತ್ತದಾ ಅನ್ನುವುದು ಎರಡು. ಅಪ್ಪನ ತೋಟ ಮೂರನೆಯದು. ಎಚ್‌ಆರ್‌ನವರು ಮೂರನ್ನೂ ಒಂದೇ ಉಸಿರಿಗೆ ಹೇಳಿದ್ದಕ್ಕೆ ಮೂರೂ ಒಂದೇ ಅನ್ನಿಸಿದೆ. ಕಾನೂನಿನಲ್ಲಿ ಇವು ಬೇರೆ ಬೇರೆ, ತೂಕವೂ ಬೇರೆ ಬೇರೆ.

ಕಾರವಾರದಲ್ಲಿ ವಕೀಲಿಕೆ ಮಾಡುವ ನನ್ನ ಬಳಿ ಇಂಥ ಕಾಗದ ಹಿಡಿದು ಬರುವ ಹುಡುಗ ಹುಡುಗಿಯರು ಲಾಕ್‌ಡೌನ್ ನಂತರ ಜಾಸ್ತಿಯಾಗಿದ್ದಾರೆ. ಮನೆಯಿಂದ ಕೆಲಸ ಶುರುವಾದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರ ಎಲ್ಲ ಕಡೆಯಿಂದಲೂ ಬರುತ್ತಾರೆ. ಬಹಳಷ್ಟು ಜನ ಹೆದರಿರುವುದು ನಾನ್-ಕಂಪೀಟ್ ಷರತ್ತಿಗೆ, ಅಂದರೆ ಕೆಲಸ ಬಿಟ್ಟ ಮೇಲೆ ಪೈಪೋಟಿ ಕಂಪನಿಗೆ ಸೇರಬಾರದು ಎಂಬ ಸಾಲಿಗೆ. ಅವರಿಗೆ ನಿಜವಾಗಿ ತೊಂದರೆ ಕೊಡಬಲ್ಲ ಷರತ್ತುಗಳು ಅದೇ ಕಾಗದದ ಬೇರೆ ಪುಟದಲ್ಲಿ ಇರುತ್ತವೆ. ಅವನ್ನು ಓದಿಯೇ ಇರುವುದಿಲ್ಲ. ನಿಮ್ಮ ವಿಷಯದಲ್ಲೂ ಹಾಗೇ ಆಗಿದೆ.

ಮೊದಲು ಮನೆಯಲ್ಲಿ ಕೂರುವ ಮಾತು. ಕೂರಬೇಕಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಒಬ್ಬರು ನ್ಯಾಯವಾದ ಉದ್ಯೋಗವನ್ನೋ ವ್ಯಾಪಾರವನ್ನೋ ಮಾಡದಂತೆ ತಡೆಯುವ ಕರಾರು, ತಡೆಯುವ ಮಟ್ಟಿಗೆ ಅನೂರ್ಜಿತ. ಅಂದರೆ ಕಾಗದದಲ್ಲಿ ಇದ್ದರೂ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಂಗಡಿಯನ್ನು ಅದರ ಹೆಸರು, ಗಿರಾಕಿ ಸಮೇತ ಮಾರಿದವನು ಪಕ್ಕದಲ್ಲೇ ಅದೇ ವ್ಯಾಪಾರ ಶುರು ಮಾಡಬಾರದು ಎಂಬುದಕ್ಕೆ ಮಾತ್ರ ಆ ಕಲಮಿನಲ್ಲೇ ವಿನಾಯಿತಿ ಇದೆ. ಸಂಬಳಕ್ಕೆ ದುಡಿಯುವವರಿಗೆ ಅದು ಸಂಬಂಧಿಸಿದ್ದಲ್ಲ.

"ನಾನು ಒಪ್ಪಿ ಸಹಿ ಹಾಕಿದ್ದೇನಲ್ಲ ಸರ್" ಎಂದು ಸಾಮಾನ್ಯವಾಗಿ ಎಲ್ಲರೂ ಕೇಳುತ್ತಾರೆ. ಸಹಿ ಹಾಕಿದ್ದರೂ ಅಷ್ಟೇ. ಕಾನೂನು ಅನೂರ್ಜಿತ ಎಂದದ್ದಕ್ಕೆ ಸಹಿಯಿಂದ ಜೀವ ಬರುವುದಿಲ್ಲ. ಸ್ಟಾಂಪ್ ಪೇಪರ್ ಎಷ್ಟು ರೂಪಾಯಿಯದು, ನೋಟರಿ ಸೀಲು ಇದೆಯಾ ಅನ್ನುವುದರಿಂದಲೂ ಬರುವುದಿಲ್ಲ. "ಒಂದೇ ವರ್ಷಕ್ಕೆ, ಬೆಂಗಳೂರಿಗೆ ಮಾತ್ರ ಅಂದರೆ ನ್ಯಾಯವಾದದ್ದೇ ಅಲ್ವಾ?" ಎಂದು ಕಂಪನಿಗಳು ವಾದಿಸುವುದುಂಟು. ಇಂಗ್ಲೆಂಡಿನಲ್ಲಿ ನಿರ್ಬಂಧ ನ್ಯಾಯಸಮ್ಮತವಾಗಿದೆಯಾ ಎಂದು ತೂಗಿ ನೋಡುತ್ತಾರೆ. ನಮ್ಮ ಕಾಯ್ದೆಯಲ್ಲಿ, ಕೆಲಸ ಬಿಟ್ಟ ನಂತರದ ನಿರ್ಬಂಧಕ್ಕೆ ಆ ತಕ್ಕಡಿಯೇ ಇಲ್ಲ. ಒಂದು ವರ್ಷ ಆದರೂ ಅಷ್ಟೇ, ಮೂರು ತಿಂಗಳಾದರೂ ಅಷ್ಟೇ.

ಇದು ಬರೀ ಪುಸ್ತಕದ ಮಾತಲ್ಲ. 1980ರಲ್ಲಿ ಸೂಪರಿಂಟೆಂಡೆನ್ಸ್ ಕಂಪನಿ ಪ್ರಕರಣದಲ್ಲಿ, ಕೆಲಸ ಹೋದ ನಂತರ ಅದೇ ವೃತ್ತಿ ಮಾಡಬಾರದೆಂದು ಕಂಪನಿ ಕೇಳಿದ ತಡೆಯಾಜ್ಞೆ ಸುಪ್ರೀಂ ಕೋರ್ಟಿನಲ್ಲಿ ಸಿಗಲಿಲ್ಲ. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಅವರ ಮೇಲೆ ಅವರ ಏಜೆನ್ಸಿ ಹಾಕಿದ ಪ್ರಕರಣದಲ್ಲೂ, ಕರಾರು ಮುಗಿದ ಮೇಲೆ ಅದರ ಷರತ್ತು ಕಟ್ಟಿಹಾಕುವುದಿಲ್ಲ ಎಂದೇ ಆಯಿತು. ನಿಮಗೆ ಇನ್ನೂ ಹತ್ತಿರದ್ದು 2025ರ ಜೂನ್‌ನ ದೆಹಲಿ ಹೈಕೋರ್ಟ್ ತೀರ್ಪು. ಅಲ್ಲಿದ್ದವರೂ ಸಾಫ್ಟ್‌ವೇರ್ ಎಂಜಿನಿಯರ್. ತನ್ನ ಕಂಪನಿ ಯಾರಿಗೆ ಕೆಲಸ ಮಾಡಿಕೊಡುತ್ತಿತ್ತೋ ಅದೇ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ನಿಗೆ ಸೇರಿದರು. ಕರಾರಿನಲ್ಲಿ 3 ವರ್ಷದ ನಿರ್ಬಂಧ ಇತ್ತು. ಕೆಳಗಿನ ಕೋರ್ಟ್ ತಡೆಯಾಜ್ಞೆ ಕೊಟ್ಟಿತ್ತು. ಹೈಕೋರ್ಟ್ ಅದನ್ನು ತೆಗೆದುಹಾಕಿತು. ಒಂದೋ ಹಳೆಯ ಕಡೆಯೇ ದುಡಿ, ಇಲ್ಲವೋ ಸುಮ್ಮನೆ ಕೂತಿರು ಎಂಬ ಸ್ಥಿತಿಗೆ ನೌಕರರನ್ನು ತಳ್ಳುವಂತಿಲ್ಲ ಎಂಬುದು ಅದರ ತಿರುಳು. ನಿಮ್ಮ ಪತ್ರದಲ್ಲಿರುವ ಗ್ರಾಹಕ ಕಂಪನಿಯ ಷರತ್ತಿಗೂ ಇದೇ ಉತ್ತರ.

ಆ ಪ್ರಕರಣದಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಿ. ಕೆಳಗಿನ ಕೋರ್ಟ್ ಮೊದಲು ತಡೆಯಾಜ್ಞೆ ಕೊಟ್ಟಿತ್ತು. ಕೊನೆಗೆ ಗೆದ್ದರೂ ನಡುವೆ ವಕೀಲರು, ಖರ್ಚು, ನಿದ್ದೆಗೆಟ್ಟ ರಾತ್ರಿಗಳು ಇದ್ದೇ ಇರುತ್ತವೆ. ಹಾಗಾಗಿ "ಏನೂ ಆಗಲ್ಲ ಬಿಡಿ" ಎಂದು ನಾನು ಹೇಳುವುದಿಲ್ಲ. ಸಾಮಾನ್ಯ ಡೆವಲಪರ್ ಮೇಲೆ ಕಂಪನಿಗಳು ಕೋರ್ಟಿಗೆ ಹೋಗುವುದು ನಾನು ಕಂಡಂತೆ ಕಮ್ಮಿ. ನೋಟಿಸ್ ಕಳಿಸುವುದು ಮಾತ್ರ ಸಾಮಾನ್ಯ.

ನಿಲ್ಲದ ಷರತ್ತನ್ನು ಮತ್ತೆ ಯಾಕೆ ಬರೆಯುತ್ತಾರೆ? ಮುಖ್ಯ ಕಾರಣ, ಅದು ಕೋರ್ಟಿಗೆ ಹೋಗದೆಯೇ ಕೆಲಸ ಮಾಡುತ್ತದೆ. ನಿಮ್ಮ ಮನೆಯಲ್ಲಿ ಈಗ ಅದೇ ನಡೆಯುತ್ತಿದೆ. ಇನ್ನೊಂದು ಕಾರಣ, ಕರಾರಿನ ನಮೂನೆಗಳು ಹೊರದೇಶದಿಂದ ಇದ್ದ ಹಾಗೆಯೇ ಬರುತ್ತವೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಷರತ್ತು ಹೆಚ್ಚುಕಡಿಮೆ ನಮ್ಮಲ್ಲಿಯಂತೆಯೇ ನಿಲ್ಲುವುದಿಲ್ಲ, ಬೇರೆ ಎಷ್ಟೋ ರಾಜ್ಯಗಳಲ್ಲಿ ನಿಲ್ಲುತ್ತದೆ. ದೇಶಕ್ಕೆಲ್ಲ ಒಂದೇ ನಿಷೇಧ ತರಲು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2024ರ ಏಪ್ರಿಲ್‌ನಲ್ಲಿ ಮಾಡಿದ ನಿಯಮವನ್ನು ಆಗಸ್ಟ್‌ನಲ್ಲಿ ಟೆಕ್ಸಾಸಿನ ಕೋರ್ಟೊಂದು ರದ್ದು ಮಾಡಿತು. ಮೊಬೈಲಿನಲ್ಲಿ ಹುಡುಕಿದಾಗ ಸಿಗುವ ಸುದ್ದಿಗಳಲ್ಲಿ ಅರ್ಧ ಇಂಥವೇ. ಅವನ್ನು ಓದಿ ಖುಷಿಪಡುವುದೂ ಬೇಡ, ಹೆದರುವುದೂ ಬೇಡ. ಅವು ನಿಮ್ಮ ಕರಾರಿಗೆ ಸಂಬಂಧಿಸಿದ್ದಲ್ಲ.

ಗ್ರಾಹಕರನ್ನು ಉಳಿಸಿಕೊಳ್ಳುವ ಆತಂಕವೂ ಕಂಪನಿಗಳಿಗೆ ಇರುತ್ತದೆ. 2022ರಲ್ಲಿ ಇನ್ಫೋಸಿಸ್‌ನ ಷರತ್ತೊಂದು ದೊಡ್ಡ ಸುದ್ದಿಯಾಗಿತ್ತು. ಕೆಲಸ ಬಿಟ್ಟ 6 ತಿಂಗಳು, ಹಿಂದಿನ 12 ತಿಂಗಳಲ್ಲಿ ಯಾವ ಗ್ರಾಹಕರಿಗೆ ಕೆಲಸ ಮಾಡಿದ್ದಾರೋ ಅದೇ ಗ್ರಾಹಕರ ಕೆಲಸಕ್ಕಾಗಿ ಟಿಸಿಎಸ್, ವಿಪ್ರೋ, ಕಾಗ್ನಿಜಂಟ್‌ನಂಥ ಪೈಪೋಟಿ ಕಂಪನಿ ಸೇರಬಾರದು ಎಂಬುದು ಅದರ ಸಾರ. ಪುಣೆಯ ಐಟಿ ನೌಕರರ ಸಂಘಟನೆ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಇದು ಎಲ್ಲೆಡೆ ಇರುವ ರೂಢಿ, ಬೇರೆ ಕಡೆ ಸೇರುವುದನ್ನು ನಾವು ತಡೆಯುವುದಿಲ್ಲ ಎಂದು ಕಂಪನಿ ಹೇಳಿತು.

ಇಷ್ಟು ಹೊತ್ತು ಹೇಳಿದ್ದೆಲ್ಲ ಕೆಲಸ ಬಿಟ್ಟ ನಂತರದ ಮಾತು. ಕೆಲಸದಲ್ಲಿ ಇರುವಾಗಿನ ನಿರ್ಬಂಧ ಹಾಗಲ್ಲ, ಅದು ನಿಲ್ಲುತ್ತದೆ. 1967ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಗೋಲಿಕರಿ ಪ್ರಕರಣದಲ್ಲಿ, ಟೈರಿಗೆ ಬಳಸುವ ನೂಲು ತಯಾರಿಸುವ ಕಾರ್ಖಾನೆಯ ನೌಕರರೊಬ್ಬರು 5 ವರ್ಷದ ಕರಾರು ಮಾಡಿಕೊಂಡು, ತರಬೇತಿ ಪಡೆದು, ನಡುವೆಯೇ ಪೈಪೋಟಿ ಕಾರ್ಖಾನೆಗೆ ಹೋಗಿದ್ದರು. ಕರಾರಿನ ಅವಧಿ ಮುಗಿಯುವವರೆಗೆ ಅಲ್ಲಿ ಅದೇ ಕೆಲಸ ಮಾಡಬಾರದು ಎಂಬ ಆಜ್ಞೆ ಕಾಯಂ ಆಯಿತು.

ಇದನ್ನು ನಿಮಗೆ ಹೇಳಲು ಎರಡು ಕಾರಣ ಇದೆ. ಒಂದು, ಹಳೆಯ ಕಂಪನಿಯ ಕೊನೆಯ ದಿನ ಮುಗಿಯುವ ತನಕ ಹೊಸ ಕಡೆಯ ಯಾವ ಕೆಲಸಕ್ಕೂ ಕೈ ಹಾಕಬೇಡಿ. "ಒಂದೆರಡು ಮೀಟಿಂಗ್‌ಗೆ ಬನ್ನಿ, ಕೋಡ್ ನೋಡಿಡಿ" ಎಂದು ಹೊಸಬರು ಪ್ರೀತಿಯಿಂದಲೇ ಕರೆಯುತ್ತಾರೆ. ಹೋಗಬೇಡಿ. ಎರಡು, ನಿಮ್ಮ ಬಾಂಡಿನ ಉಳಿದ ತಿಂಗಳುಗಳನ್ನು ತೋರಿಸಿ "ಇವಳ ಕರಾರು ಇನ್ನೂ ಮುಗಿದಿಲ್ಲ" ಎಂದು ಕಂಪನಿ ವಾದ ಹೂಡಬಹುದು. ಅಂಥ ಬಾಂಡಿನಲ್ಲಿ ಸಾಮಾನ್ಯವಾಗಿ ಬಿಟ್ಟು ಹೋಗುವವರು ಕಟ್ಟಬೇಕಾದ ದುಡ್ಡಿನ ಮಾತಷ್ಟೇ ಇರುತ್ತದೆ, ಅಷ್ಟು ತಿಂಗಳು ಬೇರೆ ಕಡೆ ಕೆಲಸ ಮಾಡಬಾರದು ಎಂಬ ಮಾತು ಇರುವುದಿಲ್ಲ. ನಿಮ್ಮದರಲ್ಲಿ ಇದೆಯಾ ಎಂದು ಸಾಲು ಸಾಲಾಗಿ ಓದಿ. ಇದ್ದರೆ ಸ್ವಲ್ಪ ಅಪಾಯ ಇದೆ. ಅದೂ ಉಳಿದ ಆ ತಿಂಗಳುಗಳ ಮಟ್ಟಿಗೆ.

ಈಗ ಬಾಂಡಿಗೆ ಬರೋಣ. ನಿಮ್ಮ ಕಾಗದಗಳಲ್ಲಿ ನಿಜವಾದ ಹಲ್ಲು ಇರುವುದು ಇದಕ್ಕೆ. "ಬಾಂಡ್ ಎಲ್ಲ ಕಾನೂನಿನಲ್ಲಿ ನಡೆಯಲ್ಲ" ಎಂದು ಗೆಳೆಯರು ಹೇಳಿರುತ್ತಾರೆ. ತಪ್ಪು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಮ್ಮ ಕರಾವಳಿಯಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನದು. 3 ವರ್ಷ ದುಡಿಯದೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಎಂಬ ಷರತ್ತಿಗೆ ಒಪ್ಪಿ ಸೇರಿದ ಅಧಿಕಾರಿಯೊಬ್ಬರು ನಡುವೆ ಬೇರೆ ಬ್ಯಾಂಕಿಗೆ ಹೋದರು. ದುಡ್ಡು ಕಟ್ಟಿ, ಆಮೇಲೆ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು, ಸುಪ್ರೀಂ ಕೋರ್ಟಿನಲ್ಲಿ ಸೋತರು. ಆ ಷರತ್ತು ಬೇರೆ ಕಡೆ ಕೆಲಸ ಮಾಡುವುದನ್ನು ತಡೆಯುವುದಿಲ್ಲ, ಬೇಗ ಬಿಡುವುದಕ್ಕೆ ಒಂದು ಬೆಲೆ ಇಡುತ್ತದೆ ಅಷ್ಟೇ, ಆದ್ದರಿಂದ 27ನೇ ಕಲಂ ಅಡ್ಡ ಬರುವುದಿಲ್ಲ ಎಂದಾಯಿತು.

ಆದರೆ ಆ ತೀರ್ಪನ್ನು ಹಾಗೇ ನಿಮ್ಮ ಮೇಲೆ ಹೊರಿಸಲು ಬರುವುದಿಲ್ಲ. ಸರ್ಕಾರಿ ಬ್ಯಾಂಕ್ ಹೊಸಬರನ್ನು ತೆಗೆದುಕೊಳ್ಳಬೇಕಾದರೆ ಜಾಹೀರಾತು, ಪರೀಕ್ಷೆ ಎಂದು ದೊಡ್ಡ ಸುತ್ತು ಹಾಕಬೇಕು. ಅವರದು ಹಿರಿಯ ಹುದ್ದೆ, ಆ ಸಂಬಳಕ್ಕೆ 2 ಲಕ್ಷ ವಿಪರೀತ ಅಲ್ಲ. ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬಂದವು. ಕಂಪನಿಯೇ ಅಚ್ಚು ಹಾಕಿಸಿದ ಕರಾರಿನಲ್ಲಿ ನೌಕರರಿಗೆ ಸಹಿ ಹಾಕುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ ಎಂಬುದನ್ನೂ ಕೋರ್ಟ್ ಅದೇ ತೀರ್ಪಿನಲ್ಲಿ ಗುರುತಿಸಿದೆ. ಇದರ ಜೊತೆಗೆ ಕರಾರು ಕಾಯ್ದೆಯ 74ನೇ ಕಲಂ ಇದೆ. ಕಾಗದದಲ್ಲಿ ಬರೆದ ಮೊತ್ತ ಎಂದರೆ ಹೆಚ್ಚೆಂದರೆ ಅಷ್ಟು. ಕೋರ್ಟ್ ಕೊಡಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ.

ಹಾಗಾದರೆ ನಿಮ್ಮ ತರಬೇತಿಗೆ ಕಂಪನಿ ನಿಜವಾಗಿ ಎಷ್ಟು ಖರ್ಚು ಮಾಡಿತು? ಹೊರಗಿನ ಸಂಸ್ಥೆಗೆ ಶುಲ್ಕ ಕಟ್ಟಿ, ಪರೀಕ್ಷೆಯ ಫೀ ಕಟ್ಟಿ, ಅಷ್ಟು ದಿನ ಕೆಲಸದಿಂದ ಬಿಡುವು ಕೊಟ್ಟು ಕಳಿಸಿದ್ದರೆ ಒಂದು ಮಾತು. ಕಂಪನಿಯ ಒಳಗಿನ ವಿಡಿಯೋಗಳನ್ನು ರಾತ್ರಿ ಊಟ ಆದ ಮೇಲೆ ನೋಡಿ ಮುಗಿಸಿ ಎಂದಿದ್ದರೆ ಅದು ಬೇರೆ ಮಾತು. ತರಬೇತಿಯ ಇಮೇಲ್, ಸರ್ಟಿಫಿಕೇಟ್, ಎಷ್ಟು ದಿನ ನಡೆಯಿತು ಎಂಬುದು, ಇವನ್ನೆಲ್ಲ ಈಗಲೇ ತೆಗೆದಿಟ್ಟುಕೊಳ್ಳಿ.

ಲೆಕ್ಕ ಹಾಕೋಣ. ಒಂದೂವರೆ ಲಕ್ಷವನ್ನು 18 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 8,300 ರೂಪಾಯಿ. ಇವತ್ತೇ ಬಿಟ್ಟರೆ ಉಳಿದ 5 ತಿಂಗಳಿಗೆ ಸುಮಾರು 41,700. 90 ದಿನದ ನೋಟಿಸ್ ಪೂರ್ತಿ ಮುಗಿಸಿ ಹೊರಟರೆ ಬಾಕಿ ಉಳಿಯುವುದು 2 ತಿಂಗಳು, ಅಂದರೆ 16,700ರ ಹತ್ತಿರ. ನೋಟಿಸ್ ಅವಧಿಯಲ್ಲೂ ನೀವು ಕಂಪನಿಯ ನೌಕರರೇ. ಆದರೆ ಕೆಲವು ಬಾಂಡುಗಳಲ್ಲಿ "ರಾಜೀನಾಮೆ ಕೊಟ್ಟ ದಿನದವರೆಗೆ" ಎಂದು ಎಣಿಸುತ್ತಾರೆ, ಆ ಸಾಲು ಇದೆಯಾ ನೋಡಿ. ತಿಂಗಳ ಲೆಕ್ಕದಲ್ಲಿ ಕಟ್ಟುತ್ತೇನೆ ಎಂದು ನೀವಾಗಿಯೇ ಇಮೇಲಿನಲ್ಲಿ ಬರೆದರೆ ನಿಮ್ಮ ಪ್ರಾಮಾಣಿಕತೆಗೆ ಅದೇ ದಾಖಲೆ. ಕಂಪನಿ ಒಪ್ಪಲೇಬೇಕು ಎಂದೇನಿಲ್ಲ. ಆದರೂ ನಾನು ಕೂತು ಮಾತಾಡಿಸಿದ ಪ್ರಕರಣಗಳಲ್ಲಿ ಹೆಚ್ಚಿನವು ಇಂಥದ್ದೇ ಒಂದು ಮೊತ್ತಕ್ಕೆ ಮುಗಿದಿವೆ. 16 ಸಾವಿರಕ್ಕೆ ಬೆಂಗಳೂರಿನಲ್ಲಿ ದಾವೆ ಹೂಡುವುದು ಅವರಿಗೂ ಲಾಭದ ಕೆಲಸ ಅಲ್ಲ.

ಚೆಕ್ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕರಾರು ಮುರಿದರೆ ಅದು ಸಿವಿಲ್ ವಿಷಯ, ಪೊಲೀಸರಿಗೆ ಅಲ್ಲಿ ಕೆಲಸವಿಲ್ಲ. ಚೆಕ್ ಬೌನ್ಸ್ ಆದರೆ ಅದು ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಪ್ರಕರಣ. "ಅದು ಖಾಲಿ ಚೆಕ್, ಮೊತ್ತ ಬರೆದದ್ದು ನಾನಲ್ಲ" ಎಂದರೆ ಸಾಲದು. ಸಹಿ ಮಾಡಿ ನೀವಾಗಿ ಕೊಟ್ಟ ಖಾಲಿ ಚೆಕ್ಕನ್ನು ಇನ್ನೊಬ್ಬರು ತುಂಬಿದರೂ ಬಾಕಿಗಾಗಿಯೇ ಕೊಟ್ಟದ್ದು ಎಂದು ಕೋರ್ಟ್ ಮೊದಲಿಗೆ ಭಾವಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಷ್ಟು ಬಾಕಿ ಇರಲಿಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲೆ ಬರುತ್ತದೆ. ಬ್ಯಾಂಕಿಗೆ ಹೋಗಿ ಪೇಮೆಂಟ್ ನಿಲ್ಲಿಸಿದರೂ, ಖಾತೆ ಮುಚ್ಚಿದರೂ ಈ ಕಲಂ ತಪ್ಪುವುದಿಲ್ಲ.

ಆದ್ದರಿಂದ ರಾಜೀನಾಮೆಗೆ ಮೊದಲೇ ಒಂದು ಇಮೇಲ್ ಹಾಕಿ. ಇಂಥ ನಂಬರಿನ ಚೆಕ್ಕನ್ನು ಬಾಂಡಿನ ಭದ್ರತೆಗೆಂದು ಖಾಲಿಯಾಗಿ ಕೊಟ್ಟಿದ್ದೇನೆ, ಸದ್ಯ ನನ್ನಿಂದ ಯಾವ ಬಾಕಿಯೂ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. ಮುಂದೆ ಚೆಕ್ ಹಾಕಿ ಅದು ವಾಪಸಾದರೆ, ಬ್ಯಾಂಕಿನ ಮಾಹಿತಿ ಸಿಕ್ಕಿದ 30 ದಿನದೊಳಗೆ ಕಂಪನಿ ನಿಮಗೆ ನೋಟಿಸ್ ಕೊಡಬೇಕು. ಅದು ಕೈಗೆ ಬಂದ 15 ದಿನ ನಿಮ್ಮದು. ಆ 15 ದಿನವನ್ನು ಅಳುವುದರಲ್ಲಿ ಕಳೆಯಬೇಡಿ, ನೇರ ವಕೀಲರ ಹತ್ತಿರ ಹೋಗಿ ಉತ್ತರ ಕೊಡಿಸಿ. ರಿಜಿಸ್ಟರ್ಡ್ ಪತ್ರ ಬಂದಾಗ ಬೇಡ ಎಂದು ಪೋಸ್ಟ್‌ಮ್ಯಾನ್ ಹತ್ತಿರ ವಾಪಸ್ ಕಳಿಸುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿದೆ. ನಿರಾಕರಿಸಿದರೂ ಮುಟ್ಟಿದ ಹಾಗೆಯೇ ಲೆಕ್ಕ.

ನಿಮ್ಮ ತಂದೆಯವರ ಚಿಂತೆಗೆ ಬರುತ್ತೇನೆ. ಈ ಭಾಗವನ್ನು ಅವರಿಗೆ ಓದಿ ಹೇಳಿ. ಪಹಣಿಯ ಝೆರಾಕ್ಸ್ ಕೊಟ್ಟ ಮಾತ್ರಕ್ಕೆ ತೋಟ ಅಡವು ಆಗುವುದಿಲ್ಲ. ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಬೆಳೆಸಾಲ ತೆಗೆದಾಗ ಪಹಣಿಯ 11ನೇ ಕಾಲಮಿನಲ್ಲಿ ಬೋಜಾ ಏರುತ್ತದಲ್ಲ, ಅಂಥದ್ದೇನೂ ಇಲ್ಲಿ ಏರಿಲ್ಲ. ಬೇಕಾದರೆ ಹೊಸ ಪಹಣಿ ತೆಗೆಸಿ ನೋಡಿಕೊಳ್ಳಲಿ. ಅವರು ಹಾಕಿದ್ದು ಜಾಮೀನು ಸಹಿ. ಜಾಮೀನುದಾರರ ಹೊಣೆ ನಿಮ್ಮ ಹೊಣೆಯಷ್ಟೇ, ಅದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಇಲ್ಲ. ಹಾಗೆಂದು ಕಮ್ಮಿಯೂ ಇಲ್ಲ. ಕಂಪನಿ ಮೊದಲು ನಿಮ್ಮನ್ನೇ ಕೇಳಬೇಕು ಎಂದಿಲ್ಲ, ನೇರ ಅವರನ್ನೇ ಕೇಳಬಹುದು. ಆದರೆ ತೋಟದ ಹತ್ತಿರ ಬರಬೇಕಾದರೆ ದಾವೆ ಹೂಡಬೇಕು, ವಿಚಾರಣೆ ನಡೆಯಬೇಕು, ಡಿಕ್ರಿ, ಅಂದರೆ ದುಡ್ಡು ಕಟ್ಟಿ ಎಂಬ ಕೋರ್ಟಿನ ಆದೇಶ ಆಗಬೇಕು, ಆಮೇಲೂ ದುಡ್ಡು ಕಟ್ಟದಿದ್ದರೆ ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಬೇಕು. ತೀರ್ಪಿಗೆ ಮೊದಲೇ ಜಪ್ತಿ ಬೇಕಿದ್ದರೆ, ಇವರು ಆಸ್ತಿ ಮಾರಿ ಕೈ ತಪ್ಪಿಸಲು ನೋಡುತ್ತಿದ್ದಾರೆ ಎಂದು ಕೋರ್ಟಿಗೆ ತೋರಿಸಬೇಕು. ತಲೆಮಾರಿನಿಂದ ಅಡಿಕೆ ಬೆಳೆಯುತ್ತಾ ಬಂದವರ ಮೇಲೆ ಆ ಮಾತು ಹೇಳುವುದು ಸುಲಭವಲ್ಲ. ಫೋನಿನಲ್ಲಿ ಕೇಳಿದ ಒಂದು ಮಾತಿಗೂ ಜಪ್ತಿಗೂ ನಡುವೆ ಇಷ್ಟು ದೂರ ಇದೆ. ನಾನ್-ಕಂಪೀಟ್ ಷರತ್ತಿಗೆ ಅವರ ಜಾಮೀನು ಸಂಬಂಧಪಡುವುದೇ ಇಲ್ಲ.

ನೋಟಿಸ್ ಅವಧಿಯ ವಿಷಯ ಬೇಗ ಮುಗಿಸುತ್ತೇನೆ. 90 ದಿನ ದುಡಿ ಎಂದು ಯಾವ ಕೋರ್ಟೂ ನಿಮ್ಮನ್ನು ಕುರ್ಚಿಗೆ ಕಟ್ಟಿ ಕೂರಿಸುವುದಿಲ್ಲ. ಆದರೆ ಉಳಿದ ದಿನಗಳ ಸಂಬಳವನ್ನು ಕಂಪನಿ ಕೇಳಬಹುದು. ನೋಟಿಸ್ ಬದಲು ಹಣ ಕಟ್ಟಬಹುದು ಎಂಬ ಸಾಲು ಇದೆಯಾ, ಅದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಾ, ಕಂಪನಿಯ ಇಷ್ಟಕ್ಕೆ ಬಿಟ್ಟದ್ದಾ ನೋಡಿ. ನನ್ನ ಸಲಹೆ, ಹೊಸ ಕಂಪನಿಯವರ ಹತ್ತಿರ ಬಾಯಿಬಿಟ್ಟು 90 ದಿನ ಕೇಳಿ. ಬಾಂಡಿನ ಬಾಕಿಯೂ ಕರಗುತ್ತದೆ, ಜಗಳಕ್ಕೆ ಒಂದು ಕಾರಣವೂ ಕಮ್ಮಿಯಾಗುತ್ತದೆ. ಅವರಿಗೆ ಅಷ್ಟು ಅವಸರ ಇದ್ದರೆ ಬಾಕಿ ದಿನಗಳ ಹಣವನ್ನು ಅವರೇ ಕೊಡುತ್ತಾರಾ ಕೇಳಿ. ಐಟಿಯಲ್ಲಿ ಇದು ಹೊಸದೇನಲ್ಲ.

ಲ್ಯಾಪ್‌ಟಾಪ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಲೇಬೇಕು. ಕುಮಟಾ ಕಡೆಯ ಹುಡುಗನೊಬ್ಬ ಕೆಲಸ ಬಿಡುವ ಕೊನೆಯ ವಾರ, ತಾನು ಬರೆದ ಸ್ಕ್ರಿಪ್ಟ್‌ಗಳ ಫೋಲ್ಡರನ್ನು ಸ್ವಂತ ಗೂಗಲ್ ಡ್ರೈವಿಗೆ ಹಾಕಿಕೊಂಡಿದ್ದ. "ನಾನೇ ಬರೆದದ್ದು ಅಲ್ವಾ ಸರ್, ಮುಂದೆ ನೋಡೋಕೆ ಬೇಕಾಗತ್ತೆ ಅಂತ ಇಟ್ಕೊಂಡೆ" ಎಂದ. ಕೆಲಸದ ಭಾಗವಾಗಿ ಬರೆದ ಕೋಡ್ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪನಿಯದು, ಬರೆದವರದಲ್ಲ. ಸಾಲದ್ದಕ್ಕೆ ಆ ಫೋಲ್ಡರಿನ ಒಂದು ಫೈಲಿನಲ್ಲಿ ಗ್ರಾಹಕ ಕಂಪನಿಯ ಡೇಟಾಬೇಸಿನ ಪಾಸ್‌ವರ್ಡ್ ಇತ್ತು. ನೋಟಿಸಿನ ಜೊತೆ ಕಂಪನಿ ಒಂದು ಹಾಳೆ ಲಗತ್ತಿಸಿತ್ತು: ದಿನಾಂಕ, ಗಂಟೆ ನಿಮಿಷ, ಫೈಲಿನ ಹೆಸರು, ಎಷ್ಟು ಎಂಬಿ, ಯಾವ ಖಾತೆಗೆ ಹೋಯಿತು. ಅವನ ನಾನ್-ಕಂಪೀಟ್ ಷರತ್ತು ಯಾವ ಕೋರ್ಟಿನಲ್ಲೂ ನಿಲ್ಲುತ್ತಿರಲಿಲ್ಲ. ಆ ಒಂದು ಹಾಳೆಯಿಂದ ಮಾತು ಐಟಿ ಕಾಯ್ದೆಯ 43 ಮತ್ತು 66ನೇ ಕಲಮಿಗೆ ಹೋಯಿತು. ಅಪ್ಪಣೆಯಿಲ್ಲದೆ, ಕೆಟ್ಟ ಉದ್ದೇಶದಿಂದ ಡೇಟಾ ನಕಲು ಮಾಡಿಕೊಂಡರೆ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇರುವ ಕಲಂ ಅದು. ಎಲ್ಲ ಅಳಿಸಿ, ಮುಚ್ಚಳಿಕೆ ಬರೆದುಕೊಟ್ಟು ಅವನು ಪಾರಾದ. ಅಷ್ಟರಲ್ಲಿ ಅವನ ತಾಯಿ ಎಷ್ಟು ಸೊರಗಿದ್ದರು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮದುವೆ ಅಡುಗೆಯ ಭಟ್ಟರು ಒಂದು ತಂಡ ಬಿಟ್ಟು ಇನ್ನೊಂದಕ್ಕೆ ಹೋದರೆ ಕೈರುಚಿಯನ್ನು ಇಲ್ಲೇ ಬಿಟ್ಟು ಹೋಗಿ ಎನ್ನಲು ಬರುವುದಿಲ್ಲ. ಆದರೆ ಹಳೆಯ ತಂಡದ ಗಿರಾಕಿಗಳ ವಹಿಯನ್ನು ಅವರು ಚೀಲಕ್ಕೆ ಹಾಕಿಕೊಂಡು ಹೋಗುವಂತಿಲ್ಲ. ನಿಮಗೂ ಹಾಗೇ. ಜಾವಾ, ಕ್ಲೌಡ್, ಇನ್ಶೂರೆನ್ಸ್ ಕೆಲಸದ ಅನುಭವ ನಿಮ್ಮದು. ಕೋಡ್, ವಿನ್ಯಾಸದ ಕಡತಗಳು, ಗ್ರಾಹಕರ ಮಾಹಿತಿ, ದರಪಟ್ಟಿ ಅವರದು. ಮನೆಯಿಂದ ಕೆಲಸ ಮಾಡುವವರು ಇಲ್ಲಿ ಬೇಗ ಎಡವುತ್ತಾರೆ. ಕರೆಂಟ್ ಹೋಗಿ, ನೆಟ್‌ವರ್ಕ್ ಕೈಕೊಟ್ಟು, ಮಳೆಗಾಲದಲ್ಲಿ ಒಂದು ಫೈಲನ್ನು ಸ್ವಂತ ಮೊಬೈಲಿಗೋ ಜಿಮೇಲಿಗೋ ಹಾಕಿಕೊಂಡಿರುತ್ತಾರೆ, ಮರೆತೂ ಹೋಗಿರುತ್ತದೆ. ನಿಮ್ಮಲ್ಲಿ ಅಂಥದ್ದೇನಾದರೂ ಇದ್ದರೆ ಸುಮ್ಮನೆ ಅಳಿಸಿಬಿಡುವುದಕ್ಕಿಂತ, ಇಂತಿಂಥ ಫೈಲ್ ಇದೆ, ಅಳಿಸಬೇಕಾ ಎಂದು ಮ್ಯಾನೇಜರಿಗೆ ಬರೆದು ಕೇಳಿ, ಉತ್ತರ ಬಂದ ಮೇಲೆ ಅಳಿಸಿ. ನಿಮ್ಮ ಸಂಬಳದ ಚೀಟಿ, ನೇಮಕಾತಿ ಪತ್ರ, ಬಾಂಡಿನ ಪ್ರತಿ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಲ್ಯಾಪ್‌ಟಾಪ್ ವಾಪಸ್ ಕೊಟ್ಟ ರಸೀದಿ ತಪ್ಪದೆ ಇಟ್ಟುಕೊಳ್ಳಿ. ಕೆಲಸ ಬಿಟ್ಟ ಮೇಲೆ ಹಳೆಯ ತಂಡದವರನ್ನು "ನೀವೂ ಬನ್ನಿ" ಎಂದು ಕರೆಯುವುದು, ಹಳೆಯ ಗ್ರಾಹಕರಿಗೆ ಫೋನ್ ಮಾಡುವುದು ಬೇಡ. ಅದಕ್ಕೆ ಇರುವ ಷರತ್ತು ಬೇರೆಯೇ, ಅದನ್ನು ನಾನ್-ಕಂಪೀಟ್‌ನಷ್ಟು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ.

ರಿಲೀವಿಂಗ್ ಲೆಟರ್ ಕೊಡದೆ ಸತಾಯಿಸುವುದು ಕಂಪನಿಗಳ ಹಳೆಯ ಅಸ್ತ್ರ. ಅದಕ್ಕಾಗಿ ಕೋರ್ಟಿಗೆ ಹೋಗಬಹುದು, ಆದರೆ ಅದು ನಿಧಾನದ ದಾರಿ. ಹೊಸ ಕಂಪನಿಗೆ ಪರಿಸ್ಥಿತಿಯನ್ನು ಮೊದಲೇ ಹೇಳಿ, ಬದಲಿಗೆ ರಾಜೀನಾಮೆಯ ಇಮೇಲ್ ಮತ್ತು ಅದು ಮುಟ್ಟಿದ್ದಕ್ಕೆ ಬಂದ ಉತ್ತರ, ಸಂಬಳ ಜಮಾ ಆದ ಬ್ಯಾಂಕ್ ವಿವರ, ಫಾರ್ಮ್ 16, ಪಿಎಫ್ ಪೋರ್ಟಲಿನ ಸೇವಾ ವಿವರ ತೋರಿಸಿ. ಪಿಎಫ್‌ನಲ್ಲಿ ನೀವು ಬಿಟ್ಟ ದಿನಾಂಕವನ್ನು ಕಂಪನಿ ಹಾಕದಿದ್ದರೆ, ಕೊನೆಯ ವಂತಿಗೆಯಾಗಿ 2 ತಿಂಗಳ ನಂತರ ನೀವೇ ಪೋರ್ಟಲಿನಲ್ಲಿ ಹಾಕಬಹುದು. ಬಾಕಿ ಸಂಬಳ ತಡೆಹಿಡಿದರೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ನಿಮ್ಮ ಕಡೆ ಇದೆ. ಕೆಲಸ ಬಿಟ್ಟವರ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಎಂದು ಅದು ಹೇಳುತ್ತದೆ.

ಎಲ್ಲಿಗೆ ಹೋಗುತ್ತೇನೆ ಎಂದು ಹಳೆಯ ಕಂಪನಿಗೆ ಹೇಳಲೇಬೇಕೆಂಬ ಕಾನೂನಿಲ್ಲ. ಕೇಳಿದರೆ "ಈಗ ಹೇಳಲು ಇಷ್ಟವಿಲ್ಲ" ಎನ್ನಿ. ಆದರೆ ಸುಳ್ಳು ಹೇಳಬೇಡಿ. "ಅಮ್ಮನಿಗೆ ಹುಷಾರಿಲ್ಲ, ಮನೆಯಲ್ಲೇ ಇರುತ್ತೇನೆ" ಎಂದು ಬರೆದು, ಮರುವಾರ ಲಿಂಕ್ಡ್‌ಇನ್‌ನಲ್ಲಿ ಹೊಸ ಹುದ್ದೆ ಹಾಕಿದರೆ ಸಿಟ್ಟಿಗೇ ನೋಟಿಸ್ ಬರುತ್ತದೆ. ಹೊಸ ಕಂಪನಿಗೆ ಮಾತ್ರ ಪೂರ್ತಿ ಸತ್ಯ ಹೇಳಿ. ಹಿಂದಿನ ಕರಾರಿನ ನಿರ್ಬಂಧ ಏನಾದರೂ ಇದೆಯಾ ಎಂದು ಸೇರುವಾಗ ಫಾರ್ಮಿನಲ್ಲಿ ಕೇಳಿರುತ್ತಾರೆ. ಇಲ್ಲ ಎಂದು ಟಿಕ್ ಹಾಕಿದರೆ ನಾಳೆ ಅವರೂ ನಿಮ್ಮ ಕಡೆ ನಿಲ್ಲುವುದಿಲ್ಲ. ಷರತ್ತಿನ ಪುಟ ಕಳಿಸಿ, "ಇದು ಗೊತ್ತಿದ್ದೂ ನಿಮ್ಮನ್ನು ತೆಗೆದುಕೊಳ್ಳುತ್ತಿದ್ದೇವೆ" ಎಂಬ ಉತ್ತರ ಬರೆಸಿಕೊಳ್ಳಿ. ಹೊಸ ಕಡೆ ಅದೇ ಅಮೆರಿಕನ್ ಗ್ರಾಹಕರ ಕೆಲಸ ಇದ್ದರೆ ಕೆಲವು ತಿಂಗಳು ಬೇರೆ ಪ್ರಾಜೆಕ್ಟ್ ಕೊಡಿ ಎಂದು ನೀವೇ ಕೇಳಿಕೊಳ್ಳುವುದು ಒಳ್ಳೆಯದು.

ಕೋರ್ಟಿಗೆ ಹೋಗುವ ಸಂದರ್ಭ ಬಂದರೆ ಎಲ್ಲಿಗೆ? ಶಿರಸಿಯಲ್ಲೇ ನಡೆಯಲಿ ಎಂದು ಎಲ್ಲರಿಗೂ ಆಸೆ. ಕರಾರಿನಲ್ಲಿ "ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ" ಎಂಬ ಸಾಲು ಇದ್ದರೆ ಅಲ್ಲಿಗೇ ಹೋಗಬೇಕಾಗಬಹುದು. ಖಾಸಗಿ ನೌಕರಿಯ ಕರಾರಿನಲ್ಲಿ ಇಂಥ ಸಾಲು ನಿಲ್ಲುತ್ತದೆ ಎಂದು 2025ರ ಏಪ್ರಿಲ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ ನೋಟಿಸಿನ ಹಂತದಲ್ಲೇ ಮುಗಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಬಾಂಡ್, ನೇಮಕಾತಿ ಪತ್ರ ಎರಡನ್ನೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿದ್ದೆ. ಹೊಸ ಕಂಪನಿಯ ಹತ್ತಿರ ಸಮಯ ಕೇಳುತ್ತಿದ್ದೆ. ಆಫರ್ ಲೆಟರ್ ಕೈಗೆ ಬಂದ ಮೇಲೆ ಚೆಕ್ಕಿನ ಇಮೇಲ್, ಆಮೇಲೆ ರಾಜೀನಾಮೆ, ಅದರ ಜೊತೆಗೇ ಬಾಂಡಿನ ಬಾಕಿಯನ್ನು ತಿಂಗಳ ಲೆಕ್ಕದಲ್ಲಿ ಕಟ್ಟುವ ಪ್ರಸ್ತಾಪ. ದುಡ್ಡು ಕಟ್ಟುವಾಗ ಬಾಂಡಿನ ಮೂಲ ಪ್ರತಿ, ಚೆಕ್, ತಂದೆಯವರ ಜಾಮೀನು ಪತ್ರ ಮೂರೂ ವಾಪಸ್ ಬರಬೇಕು, "ಇನ್ನು ಬಾಕಿ ಏನಿಲ್ಲ" ಎಂಬ ಒಂದು ಸಾಲೂ ಬರಬೇಕು. ಎಚ್‌ಆರ್ ಫೋನ್ ಮಾಡಿದರೆ "ದಯವಿಟ್ಟು ಇಮೇಲಿನಲ್ಲಿ ಬರೆಯಿರಿ" ಎನ್ನಿ. ಫೋನಿನಲ್ಲಿ ಹೇಳಿದ ಎಷ್ಟೋ ಮಾತುಗಳನ್ನು ಅವರು ಬರೆಯುವುದೇ ಇಲ್ಲ.

ವಕೀಲರ ಫೀಸಿನ ಚಿಂತೆ ಇದ್ದರೆ ಶಿರಸಿ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಸಹಾಯವಾಣಿ 15100. ಹೋಗುವಾಗ ಬಾಂಡಿನ ಎಲ್ಲ ಪುಟಗಳನ್ನೂ ತೆಗೆದುಕೊಂಡು ಹೋಗಿ, ಸಹಿ ಇರುವ ಕೊನೆಯ ಪುಟ ಒಂದನ್ನೇ ಅಲ್ಲ.